ಅಂಗೈಯಗಲದ ಡೈನೋಸಾರ್

ದಾವಣಗೆರೆಯ ಆಟಿಕೆ ಅಂಗಡಿಯಲ್ಲಿ ಡೈನೋಸಾರ್ ಸಿಕ್ಕೀತು. ದಾವಣಗೆರೆಯ ನೆಲದಲ್ಲಿ ಸಿಗದು. ಸಭಿಕರೇ, ಇದಕ್ಕೆ ಕಾರಣ ಈ ಸೀಮೆಯ ಕಲ್ಲಿನ ವಯಸ್ಸು. ಧಾರವಾಡ ಶಿಲಾವರ್ಗದ ಇಲ್ಲಿನ ಬಂಡೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ನೆರೆಯ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟಂತೆ ಕಾಣುವ ಶಿಲೆಗಳಿವೆಯಲ್ಲ, ಅವು ನೀರಿನಡಿ ಉಕ್ಕಿ ಹೆಪ್ಪುಗಟ್ಟಿದ ಲಾವಾ. ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಹಕ್ಕಿಗಳ ಕವಲೊಂದನ್ನು ಬಿಟ್ಟು ಉಳಿದವು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಆ ಪ್ರಾಣಿ ಬರುವ ಹೊತ್ತಿಗೇ ಇಲ್ಲಿನ ಕಲ್ಲು ಮುದಿಯಾಗಿತ್ತು. ಹೀಗಾಗಿ ಇಲ್ಲಿನ ಮಗುವಿಗೆ ಅಂಗೈಯಗಲದ ಮಾದರಿಯೇ ಡೈನೋಸಾರ್. ಅದು ತೋರಿಸಿದ್ದೇ ನಿಜ. ಆದ್ದರಿಂದ ಅದು ಎಷ್ಟು ನಿಜ ಎಂದು ದೊಡ್ಡವರಾದರೂ ಕೇಳಬೇಕು.

ಎಲ್ಲ ಆಟಿಕೆಯೂ ಮಾದರಿಯಲ್ಲ; ಅಳತೆಗೆ ಬದ್ಧವಾದದ್ದು ಮಾದರಿ. ಅಮೆರಿಕದ ಸಫಾರಿ ಕಂಪನಿ ಪಿಟ್ಸ್‌ಬರ್ಗಿನ ಕಾರ್ನೆಗಿ ವಸ್ತುಸಂಗ್ರಹಾಲಯದೊಡನೆ 1988ರಿಂದ 2015ರವರೆಗೆ ಹೊರತಂದ ಸರಣಿಯಲ್ಲಿ ಹಲವು 1:40ರ ಪ್ರಮಾಣದವು. ಪ್ರಾಣಿಯ 40 ಸೆಂಟಿಮೀಟರು ಅಲ್ಲಿ ಒಂದೇ ಸೆಂಟಿಮೀಟರು.

ಹರಿಹರದವರಿಗೆ ಈ ಶಿಸ್ತು ಹೊಸದೇನಲ್ಲ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಹರಿಹರೇಶ್ವರ ಗುಡಿ ಕಟ್ಟಿಸಿದ ಕಾಲದ ಶಿಲ್ಪಿಗಳಿಗೆ ತಾಳಮಾನವಿತ್ತು: ಮುಖದ ಉದ್ದವನ್ನೇ ಮೂಲಮಾನ ಮಾಡಿಕೊಂಡು ಇಡೀ ದೇಹವನ್ನು ಅಳೆಯುವ ಲೆಕ್ಕ. ಬಲಕ್ಕೆ ಹರ, ಎಡಕ್ಕೆ ಹರಿ ಎಂಬುದರಲ್ಲಿ ಅನುಮಾನಕ್ಕೆಡೆಯೇ ಇಲ್ಲ. ಡೈನೋಸಾರ್ ಕಡೆಯುವವನಿಗೆ ಆ ಭಾಗ್ಯವಿಲ್ಲ. ಅವನ ಶಾಸ್ತ್ರವೆಂದರೆ ಎಲುಬು, ಅದೂ ಅರ್ಧಂಬರ್ಧ.

ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ 1854ರಲ್ಲಿ ವಾಟರ್‌ಹೌಸ್ ಹಾಕಿನ್ಸ್ ನಿಲ್ಲಿಸಿದ ಇಗ್ವಾನೊಡಾನಿನ ಮೂಗಿನ ಮೇಲೆ ಘೇಂಡಾಮೃಗದಂತೆ ಒಂದು ಕೊಂಬು. 1878ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸಾರ್ ಕಲ್ಲಿದ್ದಲು ಗಣಿಯಲ್ಲಿ ಆ ಪ್ರಾಣಿಯ ಅಸ್ಥಿಪಂಜರಗಳು ಸಿಕ್ಕಾಗ ತಿಳಿಯಿತು: ಅದು ಕೊಂಬಲ್ಲ, ಹೆಬ್ಬೆರಳು! ಲಂಡನ್ನಿನಲ್ಲಿ ಇಂದಿಗೂ ಅದು ಮೂಗಿನ ಮೇಲೇ ಇದೆ.

ದೇಶದೊಳಗಿನ ಉದಾಹರಣೆ ಬೇಕೆಂದರೆ ಬರಾಪಾಸಾರಸ್ ಇದೆ. ಪ್ರಾಣಹಿತಾ-ಗೋದಾವರಿ ಕಣಿವೆಯಲ್ಲಿ, ಸಿರೋಂಚಾದ ಸುತ್ತಿನಲ್ಲಿ ಇದರ ಸುಮಾರು 300 ಎಲುಬುಗಳು ಸಿಕ್ಕಿದವು. 'ಬರಾಪಾ' ಎಂದರೆ ದೊಡ್ಡ ಕಾಲು. 1961 ರವೀಂದ್ರನಾಥ ಠಾಗೋರರ ಜನ್ಮಶತಾಬ್ದಿಯ ವರ್ಷ. 1975ರಲ್ಲಿ ನಾಮಕರಣವಾದಾಗ ಅವರ ಹೆಸರೂ ಸೇರಿತು. ಕೊಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅಸ್ಥಿಪಂಜರ ನಿಂತಿದೆ. ಉದ್ದ ಸುಮಾರು 14 ಮೀಟರು. 1:40ರಲ್ಲಿ 35 ಸೆಂಟಿಮೀಟರು. ಲೆಕ್ಕ ಇಲ್ಲಿಯವರೆಗೆ ಸಲೀಸು. ಆದರೆ ತಲೆ? ಕೆಲವು ಹಲ್ಲುಗಳ ಹೊರತು ತಲೆಬುರುಡೆಯೇ ಸಿಕ್ಕಿಲ್ಲ. ಯಾರು ಯಾವ ತಲೆ ಕೂರಿಸಿದರೂ ಅದು ಬಳಗದ ಬೇರೆ ಪ್ರಾಣಿಗಳನ್ನು ನೋಡಿ ಮಾಡಿದ ಊಹೆ. ಒಮ್ಮೆ ಬಣ್ಣ ಬಳಿದರೆಂದರೆ ಎಲುಬು ಎಲ್ಲಿ ಮುಗಿಯಿತು, ಊಹೆ ಎಲ್ಲಿ ಮೊದಲಾಯಿತು ಎಂಬ ಗೆರೆ ಮುಚ್ಚಿಹೋಗುತ್ತದೆ.

ಅಗ್ಗದ ಪೊಟ್ಟಣಗಳ ಕಥೆ ಬೇರೆಯೇ. ಬೆನ್ನ ಮೇಲೆ ಹಾಯಿಪಟ ಬಿಚ್ಚಿಕೊಂಡ ಒಂದು ಪ್ರಾಣಿ ಅದರಲ್ಲಿ ಇದ್ದೇ ಇರುತ್ತದೆ. ಅದು ಡೈಮೆಟ್ರೊಡಾನ್, ಡೈನೋಸಾರ್ ಅಲ್ಲವೇ ಅಲ್ಲ. ಡೈನೋಸಾರ್‌ಗಳಿಗಿಂತ ಕೋಟ್ಯಂತರ ವರ್ಷ ಮೊದಲೇ ಅದು ಅಳಿದಿತ್ತು. ಅದರ ಹತ್ತಿರದ ನಂಟು ಸಸ್ತನಿಗಳೊಡನೆ, ಅಂದರೆ ಅದನ್ನು ಹಿಡಿದು ಆಡುವ ಮಗುವಿನೊಡನೆ.