ಸೇತುವೆ ಅವರದು, ಲೆಕ್ಕ ನಮ್ಮದು
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕಟ್ಟಡದ ಕೆಲಸದಲ್ಲಿ ಇಂಜಿನಿಯರರನ್ನು ಎಲ್ಲರೂ ಬಲ್ಲರು. ಕ್ವಾಂಟಿಟಿ ಸರ್ವೇಯರರನ್ನು ಬಲ್ಲವರು ಕಡಮೆ. ಎಷ್ಟು ಕಾಂಕ್ರೀಟು, ಎಷ್ಟು ಉಕ್ಕು, ಯಾವ ದರ ಎಂಬುದನ್ನು ಮೊದಲು ನಕ್ಷೆಯಿಂದ ಲೆಕ್ಕಹಾಕಿ, ಅನಂತರ ಸ್ಥಳದಲ್ಲಿ ಅಳೆದು, ಆದ ಕೆಲಸಕ್ಕಷ್ಟೇ ಹಣ ಸಲ್ಲುವಂತೆ ನೋಡುವುದು ಅವರ ವೃತ್ತಿ. ಆ ವೃತ್ತಿಯವರಾದ ನಾವು ಇಂದು ಒಂದೇ ಮಾತನ್ನು ನಿಮ್ಮ ಮುಂದಿಡುತ್ತೇವೆ: ಖಾಸಗಿಯವರು ಕಟ್ಟಿದರೂ ಸಾರ್ವಜನಿಕ ಕೆಲಸದ ಅಳತೆ ಸಾರ್ವಜನಿಕರದೇ ಆಗಿರಬೇಕು.

ಸರ್ಕಾರವೇ ಕೆಲಸ ಮಾಡಿಸುವಾಗ ಅಳತೆ ಪುಸ್ತಕವಿರುತ್ತದೆ. ಅದರಲ್ಲಿ ಏರದ ಕೆಲಸಕ್ಕೆ ಬಿಲ್ಲು ಸಲ್ಲದು. ಖಾಸಗಿ ಬಂಡವಾಳ ಬಂದೊಡನೆ, ಅವರ ಹಣ, ಅವರ ಲೆಕ್ಕ ಎಂದು ಸುಮ್ಮನಾಗುವುದುಂಟು. ಆದರೆ ಆ ಹಣ ಕೊನೆಗೆ ಸುಂಕವಾಗಿ ಹೊರಡುವುದು ನಮ್ಮ ಜೇಬಿನಿಂದಲೇ.

ದೂರದ ನಿದರ್ಶನ ಬೇಡ. ದೆಹಲಿಯಿಂದ ನೋಯ್ಡಾಕ್ಕೆ ಯಮುನೆಯನ್ನು ದಾಟಿಸುವ ಡಿ.ಎನ್.ಡಿ. ಸೇತುವೆಯನ್ನೇ ನೋಡೋಣ. 1997ರ ಒಪ್ಪಂದದಂತೆ ಖಾಸಗಿ ಕಂಪನಿಯೊಂದು ಕಟ್ಟಿದ ಇದು 2001ರಲ್ಲಿ ತೆರೆಯಿತು. ಕಟ್ಟಲು ತಗುಲಿದ್ದು ಸುಮಾರು 408 ಕೋಟಿ ರೂಪಾಯಿ. ಒಟ್ಟು ವೆಚ್ಚದ ಮೇಲೆ ವರ್ಷಕ್ಕೆ ಶೇಕಡ 20ರಷ್ಟು ಪ್ರತಿಫಲ ಸಿಗಬೇಕು, ಸಿಗದಿದ್ದರೆ ಆ ಕೊರತೆ ವೆಚ್ಚಕ್ಕೇ ಸೇರಬೇಕು ಎಂಬುದು ಕರಾರು. 100 ರೂಪಾಯಿಯ ವೆಚ್ಚಕ್ಕೆ ಈ ವರ್ಷ 10 ರೂಪಾಯಿಯೇ ಉಳಿದರೆ, ಮರುವರ್ಷ ವೆಚ್ಚ 110 ರೂಪಾಯಿ. ಸೇತುವೆಗೆ ಒಂದು ಕಲ್ಲೂ ಹೆಚ್ಚಿಲ್ಲ! ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಗಾದೆ. ಇಲ್ಲಿ ಕಾಲು ಚಾಚಿದಷ್ಟೂ ಹಾಸಿಗೆ ಬೆಳೆಯಿತು.

ನಿವಾಸಿಗಳ ಸಂಘಗಳ ಒಕ್ಕೂಟ ನ್ಯಾಯಾಲಯದ ಮೆಟ್ಟಿಲೇರಿತು. 2016ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟು ಸುಂಕವನ್ನು ನಿಲ್ಲಿಸಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದು, ಕಂಪನಿಗೆ ವೆಚ್ಚವೂ ಲಾಭವೂ ಆಗಲೇ ಸಂದಿವೆ ಎಂದಿತು. ಅಷ್ಟರಲ್ಲಿ ಜನ 15 ವರ್ಷ ಸುಂಕ ತೆತ್ತಿದ್ದರು.

ಬಂಡವಾಳ ಹಾಕಿದವರಿಗೆ ನ್ಯಾಯವಾದ ಲಾಭ ಬೇಡವೆಂದು ನಾವು ಹೇಳುವುದಿಲ್ಲ. ಸರಿಯಾದ ಅಳತೆ ಪ್ರಾಮಾಣಿಕ ಗುತ್ತಿಗೆದಾರರಿಗೂ ರಕ್ಷೆಯೇ. ಆದರೆ ಮೂರು ಕಟ್ಟುಪಾಡುಗಳಿರಲಿ. ಒಪ್ಪಂದಕ್ಕೆ ಮೊದಲೇ ಸ್ವತಂತ್ರ ಅಂದಾಜು ಆಗಲಿ. ಕೆಲಸ ಮುಗಿದಾಗ ಅಳೆದು ನಿಶ್ಚಯಿಸಿದ ವೆಚ್ಚ ಮತ್ತೆ ತಾನಾಗಿ ಬೆಳೆಯದಿರಲಿ. ವರ್ಷವರ್ಷದ ಸುಂಕ, ದುರಸ್ತಿಗಳ ಲೆಕ್ಕ ಜನರಿಗೆ ಕಾಣುವಂತಿರಲಿ. ಲೆಕ್ಕಪರಿಶೋಧಕರು ಕಾಗದವನ್ನು ನೋಡುತ್ತಾರೆ. ಕ್ವಾಂಟಿಟಿ ಸರ್ವೇಯರರು ಕಾಗದವನ್ನೂ ಕಟ್ಟಡವನ್ನೂ ಎದುರುಬದುರು ಇಟ್ಟು ನೋಡುತ್ತಾರೆ. ಇಬ್ಬರೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅಳೆಯುವವರ ಸಂಬಳ ಕಟ್ಟುವವರ ಕೈಯಲ್ಲಿರಬಾರದು.

ಇನ್ನು ಮುಂದೆ ಸುಂಕದ ಕಟ್ಟೆಯಲ್ಲಿ ಹಣ ತೆರುವಾಗ ಒಂದು ಪ್ರಶ್ನೆಯನ್ನೂ ಕೇಳಿ: ಇದನ್ನು ಅಳೆದವರು ಯಾರು? ಕೇಳುವ ಹಕ್ಕು ನಿಮ್ಮದು.