ಮಹಾವೀರಾಚಾರ್ಯರ ಅಂಕಹಾರ



ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರ ಗುಣಾಕಾರ ಭಾಗದಲ್ಲಿ 27994681ನ್ನು 441ರಿಂದ ಗುಣಿಸುವ ಲೆಕ್ಕವಿದೆ. ಉತ್ತರ 12345654321. ಒಂದರಿಂದ ಆರಕ್ಕೇರಿ ಮರಳಿ ಒಂದಕ್ಕಿಳಿಯುವ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ಕಂಠಹಾರದಂತಿದೆ.

ಇದರ ಮರ್ಮವೇನು? 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದುದರಿಂದ ಈ ಹಾರವು 111111ರ ವರ್ಗವೇ. ವರ್ಗ ಮಾಡುವಾಗ ಆರು ಸಾಲುಗಳು ಒಂದೊಂದು ಸ್ಥಾನ ಸರಿಯುತ್ತವೆ. ನಡುವಿನ ಸ್ಥಾನದಲ್ಲಿ ಮಾತ್ರ ಆರು ಒಂದುಗಳೂ ಕೂಡುತ್ತವೆ.

ವಿಜಯಪುರ, ತಿಕೋಟಾ, ಬಬಲೇಶ್ವರದ ಅಂಗಡಿಗಳಲ್ಲಿ ಇಂದು ಯಂತ್ರವು ಉತ್ತರವನ್ನು ಕೊಡುತ್ತದೆ, ಮರ್ಮವನ್ನು ತಿಳಿಸುವುದಿಲ್ಲ. ಸಮಾಜದ ಮಕ್ಕಳು ಈ ಆರು ಸಾಲುಗಳನ್ನು ಸ್ವಹಸ್ತದಿಂದ ಬರೆದು ಕೂಡಿ ನೋಡಲಿ. ಆಚಾರ್ಯರ ವಿದ್ಯೆಗೆ ಅದುವೇ ಗೌರವ.

ಜೈ ಜಿನೇಂದ್ರ.