ಪಕ್ಕದ ಊರಿನ ಸುದ್ದಿ

ಠಾಣೆ, ಕಲ್ಯಾಣ, ನವಿ ಮುಂಬಯಿ ಕಡೆಯಿಂದ ಡೊಂಬಿವಲಿಗೆ ಬಂದಿರುವ ಬಂಧುಗಳೇ,

ಸರ್ವಾಧಿಕಾರ, ಪ್ರಚಾರ, ಸೆನ್ಸಾರ್ ಎಂದಕೂಡಲೇ ಹಿಟ್ಲರನ ಜರ್ಮನಿಯಿಂದ ಶುರು ಮಾಡುವುದು ರೂಢಿ. 1933ರಲ್ಲಿ ಅವನ ಪ್ರಚಾರ ಮಂತ್ರಿ ಗೋಬೆಲ್ಸ್ 76 ಮಾರ್ಕಿನ ಅಗ್ಗದ ರೇಡಿಯೊ ಮಾಡಿಸಿ ಸರಕಾರದ ದನಿಯನ್ನು ಮನೆಮನೆಗೆ ಮುಟ್ಟಿಸಿದ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ಇಲ್ಲೇ ತುರ್ತುಪರಿಸ್ಥಿತಿ ಇತ್ತು. ಅದು ಸಂವಿಧಾನದ 352ನೇ ವಿಧಿ ಹಿಡಿದು ಬಂತು, ಚುನಾವಣೆಯಿಂದ ಹೋಯಿತು. ಆದ್ದರಿಂದ ಪೂರ್ಣ ಸರ್ವಾಧಿಕಾರ ಅನ್ನಬಾರದು ಎಂಬ ವಾದವಿದೆ. ಇರಲಿ. ಆದರೆ ಅದು ಕೈಗೆತ್ತಿಕೊಂಡ ಹತಾರಗಳೆಲ್ಲ ಸರ್ವಾಧಿಕಾರಿಗಳವೇ.

ಮೊದಲ ರಾತ್ರಿಯೇ ದಿಲ್ಲಿಯ ಬಹಾದುರ್ ಶಾ ಜಫರ್ ಮಾರ್ಗದ ಪತ್ರಿಕಾ ಮುದ್ರಣಾಲಯಗಳ ಕರೆಂಟು ತೆಗೆದರು. ಮರುದಿನ ಸೆನ್ಸಾರ್ ಆಜ್ಞೆ ಬಂತು. 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚಾಯಿತು. ಹಾಗೆ ಖಾಲಿ ಬಿಡುವುದಕ್ಕೂ ಆಮೇಲೆ ನಿಷೇಧ ಬಂತು, ಸುಮ್ಮನಿರುವುದೂ ಅಪರಾಧವಾಯಿತು. ಜೂನ್ 28ರಂದು ಮುಂಬಯಿಯ 'ಟೈಮ್ಸ್ ಆಫ್ ಇಂಡಿಯಾ'ದ ನಿಧನವಾರ್ತೆಗಳ ನಡುವೆ ಒಂದು ಸಣ್ಣ ಜಾಹೀರಾತು ನುಸುಳಿತು. ಡೆಮಾಕ್ರಸಿ ಎಂಬವರು ತೀರಿಕೊಂಡರು, ಸತ್ಯ ಮತ್ತು ಸ್ವಾತಂತ್ರ್ಯ ಎಂಬ ಮನೆಯವರು ದುಃಖದಲ್ಲಿದ್ದಾರೆ ಎಂಬುದು ಅದರ ತಾತ್ಪರ್ಯ. ಕೌಂಟರಿನಲ್ಲಿ ದುಡ್ಡು ತೆಗೆದುಕೊಂಡವರಿಗೆ ಅದು ಹೊಳೆಯಲೇ ಇಲ್ಲ.

ಆಮೇಲಿನದು ವ್ಯವಸ್ಥಿತ ಕೆಲಸ. 1976ರ ಫೆಬ್ರವರಿಯಲ್ಲಿ ಪಿಟಿಐ, ಯುಎನ್‌ಐ, ಹಿಂದುಸ್ಥಾನ್ ಸಮಾಚಾರ್, ಸಮಾಚಾರ್ ಭಾರತಿ ಈ ನಾಲ್ಕನ್ನೂ ಒಟ್ಟುಗೂಡಿಸಿ 'ಸಮಾಚಾರ್' ಎಂಬ ಒಂದೇ ಸುದ್ದಿಸಂಸ್ಥೆ ಮಾಡಿದರು. ಪ್ರೆಸ್ ಕೌನ್ಸಿಲನ್ನು ಮುಚ್ಚಿದರು. ಮಾತು ಕೇಳದ ಪತ್ರಿಕೆಗಳ ಸರಕಾರಿ ಜಾಹೀರಾತು ನಿಂತಿತು. ಹೀಗೆ ಬರಿದಾದ ಜಾಗವನ್ನು ಪ್ರಧಾನಿ ಇಂದಿರಾ ಗಾಂಧಿಯವರ ಇಪ್ಪತ್ತು ಅಂಶಗಳ ಕಾರ್ಯಕ್ರಮ ತುಂಬಿತು. 'ಮಾತು ಕಡಿಮೆ, ದುಡಿಮೆ ಹೆಚ್ಚು' ಎಂಬ ಘೋಷಣೆ ಗೋಡೆಗಳ ಮೇಲೆ ಬಂತು. ಆಕಾಶವಾಣಿಗೆ ಜನ 'ಆಲ್ ಇಂದಿರಾ ರೇಡಿಯೊ' ಎಂದು ಹೆಸರಿಟ್ಟರು. ಸರಕಾರದ ಪ್ರಚಾರಕ್ಕೆ ಒಲ್ಲೆನೆಂದ ಕಿಶೋರ್ ಕುಮಾರ್ ಅವರ ಹಾಡುಗಳು 1976ರ ಮೇ ತಿಂಗಳಲ್ಲಿ ರೇಡಿಯೊದಿಂದ ಮಾಯವಾದವು.

ಎದುರು ನಿಂತವರೂ ಇದ್ದರು. ಕರಾಡದ ಮರಾಠಿ ಸಾಹಿತ್ಯ ಸಮ್ಮೇಳನದಲ್ಲಿ ಕೇಂದ್ರ ಮಂತ್ರಿ ಯಶವಂತರಾವ್ ಚವ್ಹಾಣರ ಎದುರೇ ಅಧ್ಯಕ್ಷೆ ದುರ್ಗಾ ಭಾಗವತರು ಲೇಖಕರ ಸ್ವಾತಂತ್ರ್ಯದ ಮಾತೆತ್ತಿದರು. ಮುಂದೆ ಜೈಲಿಗೆ ಹೋದರು. ಮೀನೂ ಮಸಾನಿಯವರು ತಮ್ಮ 'ಫ್ರೀಡಂ ಫಸ್ಟ್' ಪತ್ರಿಕೆಗಾಗಿ ಸೆನ್ಸಾರ್ ಅಧಿಕಾರಿಯ ಮೇಲೆ ಬಾಂಬೆ ಹೈಕೋರ್ಟಿಗೆ ಹೋಗಿ ಗೆದ್ದರು. ನಮ್ಮ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂತಿರುಗಿಸಿದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಆಸ್ತಮಾದಿಂದ ನರಳಿದರು. ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಭೂಗತರಾಗಿದ್ದ ಮಂಗಳೂರಿನ ಜಾರ್ಜ್ ಫರ್ನಾಂಡಿಸರ ಸುಳಿವಿಗಾಗಿ ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಹಿಂಸಿಸಿದರು. 1974ರ ರೈಲ್ವೆ ಮುಷ್ಕರದ ನಾಯಕ ಜಾರ್ಜ್ ಯಾರೆಂದು ಕಲ್ಯಾಣದ ರೈಲ್ವೆ ಕುಟುಂಬಗಳಿಗೆ ನಾನು ಹೇಳಬೇಕಾಗಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸೆನ್ಸಾರಿಗೆ ಯಾವುದನ್ನು ಮುಚ್ಚಲು ಸಾಧ್ಯ, ಯಾವುದನ್ನು ಸಾಧ್ಯವಿಲ್ಲ?

ವಾಶಿ ಖಾಡಿಯ ಆಚೆ ತ್ರಾಂಬೆಯಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರದ ಮಗ್ಗುಲಲ್ಲಿ, ಜನತಾ ಕಾಲೊನಿ ಇತ್ತು. ಕೆಜಿಎಫ್‌ನಲ್ಲಿ ಹುಟ್ಟಿ ಇಲ್ಲಿಗೆ ಬಂದ ಜೋಕಿನ್ ಅರ್ಪುತಂ ಅದನ್ನು ಉಳಿಸಲು ವರ್ಷಗಟ್ಟಲೆ ಹೋರಾಡಿದ್ದರು. 1976ರ ಮೇ 17ರಂದು ಪೊಲೀಸರ ಕಾವಲಿನಲ್ಲಿ ಅದನ್ನು ತೆರವು ಮಾಡಿ, ಸುಮಾರು 70,000 ಜನರನ್ನು ಚೀತಾ ಕ್ಯಾಂಪಿಗೆ ಸಾಗಿಸಿದರು. ಮನೆ ಕಳೆದುಕೊಂಡವರಿಗೆ ಅದನ್ನು ತಿಳಿಸಲು ಪತ್ರಿಕೆ ಬೇಕಾಗಿರಲಿಲ್ಲ. ಪತ್ರಿಕೆ ಬೇಕಾಗಿದ್ದದ್ದು ಖಾಡಿಯ ಈಚೆಯವರಿಗೆ.

ಇದೇ ಕತೆ ಇಡೀ ದೇಶದ್ದು. 1977ರ ಚುನಾವಣೆಯಲ್ಲಿ ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ, ಬಿಹಾರದ 54ರಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ಅಲ್ಲಿ ಬಲವಂತದ ನಸಬಂದಿ ಊರೂರಿಗೆ ತಲುಪಿತ್ತು. ಸಂಕಟವೇ ಸುದ್ದಿಯಾಗಿ ಓಡಾಡಿತ್ತು. ಮಹಾರಾಷ್ಟ್ರದ ವಿಧಾನಮಂಡಲವೂ ಕಡ್ಡಾಯ ಸಂತಾನಹರಣದ ಮಸೂದೆ ಅಂಗೀಕರಿಸಿತ್ತು, ರಾಷ್ಟ್ರಪತಿಯ ಅಂಕಿತ ಸಿಗಲಿಲ್ಲ. ಇಲ್ಲಿ ಕಾಂಗ್ರೆಸ್ 48ರಲ್ಲಿ 20 ಗೆದ್ದಿತು. ನಮ್ಮ ಕರ್ನಾಟಕದಲ್ಲಿ? 28ರಲ್ಲಿ 26. ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ ಅದಕ್ಕೆ ದೊಡ್ಡ ಕಾರಣ, ಒಪ್ಪುತ್ತೇನೆ. ಗೇಣಿದಾರನಿಗೆ ಹೊಲ ಸಿಕ್ಕಿತ್ತು, ಉತ್ತರದಷ್ಟು ದಬ್ಬಾಳಿಕೆ ಅಲ್ಲಿರಲಿಲ್ಲ. ಆದರೆ ದಿಲ್ಲಿಯ ಟರ್ಕ್‌ಮನ್ ಗೇಟಿನಲ್ಲಿ ಗುಂಡು ಹಾರಿದ್ದು ಹಾವೇರಿಯ ರೈತನಿಗೆ ಆಗಲೇ ಗೊತ್ತಾಗುವ ದಾರಿ ಬಹಳ ಕಡಿಮೆ ಇತ್ತು ಎಂಬುದೂ ಅಷ್ಟೇ ನಿಜ. ಸೆನ್ಸಾರಿನ ಸಾಮರ್ಥ್ಯ ಇಷ್ಟೇ: ನನ್ನ ನೋವನ್ನು ನನ್ನಿಂದ ಮುಚ್ಚಿಡಲು ಅದಕ್ಕಾಗದು, ನಿಮ್ಮಿಂದ ಮುಚ್ಚಿಡಬಲ್ಲದು. ಅಧಿಕಾರ ಉಳಿಯಲು ಅಷ್ಟು ಸಾಕು. ನೊಂದವರು ಒಂಟಿಯಾಗುತ್ತಾರೆ, ನೋಯದವರು ನೆಮ್ಮದಿಯಾಗಿರುತ್ತಾರೆ.

ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗದ ಲೆಕ್ಕದಂತೆ ಆ ಅವಧಿಯಲ್ಲಿ ಬಂಧಿತರು 1,10,806. ಅಷ್ಟೊಂದು ಮನೆಗಳಲ್ಲಿ ಒಬ್ಬರಿಲ್ಲದಿದ್ದರೂ 'ರೈಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು' ಎಂದು ನೆನೆಯುವವರು ಇಂದಿಗೂ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕಂಡದ್ದು ರೈಲು ಮಾತ್ರ. ಪ್ರಚಾರ ಗೆದ್ದಿರುವುದು ಅಲ್ಲಿ.

ಈಗ ಎಲ್ಲರ ಕೈಯಲ್ಲೂ ಫೋನ್ ಇದೆ, ಏನನ್ನೂ ಮುಚ್ಚಲಾಗದು ಅನ್ನುತ್ತೀರಿ. ಆದರೆ ನಮ್ಮ ಕಡೆಯ ಸುದ್ದಿಯನ್ನಷ್ಟೇ ತರುವ ಗುಂಪುಗಳಲ್ಲಿ ನಾವೇ ಸೇರಿಕೊಂಡರೆ ಸೆನ್ಸಾರ್ ಅಧಿಕಾರಿಯ ಕೆಲಸ ನಾವೇ ಮಾಡಿಕೊಟ್ಟಂತೆ. ನಮಗೆ ಹಿತವಲ್ಲದ, ನಮ್ಮದಲ್ಲದ ಊರಿನ ಸುದ್ದಿಯನ್ನು ಹುಡುಕಿ ಓದುವುದು ನಾಗರಿಕನ ಕೆಲಸ. ಹೊರನಾಡ ಕನ್ನಡಿಗರಿಗೆ ಇದು ಸುಲಭವಾಗಬೇಕು: ನಾವು ಮರಾಠಿ, ಹಿಂದಿ, ಕನ್ನಡ ಮೂರನ್ನೂ ಓದಬಲ್ಲೆವು.

ಪ್ರಶ್ನೋತ್ತರಕ್ಕೆ ಮೊದಲು ಒಂದು ಕೋರಿಕೆ. ಸಭೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದಾರೆ. ಆ ದಿನಗಳಲ್ಲಿ ಇಲ್ಲಿ ಏನು ಕಂಡರು, ಏನು ತಮಗೆ ತಿಳಿಯದೇ ಹೋಯಿತು ಎಂಬುದನ್ನು ಅವರು ಹೇಳಲಿ. ಅದನ್ನು ಬರೆದಿಟ್ಟುಕೊಳ್ಳುವ ಕೆಲಸ ಸಂಘದ ತರುಣರದಾಗಲಿ.